ಕಲಿಕೆಯ ಮನೋವಿಜ್ಞಾನ ಓದೋದಾದರೆ ಎಲ್ಲಿ? ದಾವಣಗೆರೆಯಲ್ಲಿ ಕೂತು ಹಾಕಿದ ಲೆಕ್ಕ

ಹೋದ ವರ್ಷ ಒಂದೇ ವಿಷಯಕ್ಕೆ ನಮ್ಮಲ್ಲಿ ಮೂವರು ಗಿರಾಕಿಗಳು ಹುಟ್ಟಿಕೊಂಡರು. ಅಕ್ಕನ ಮಗಳು ಪಿಯುಸಿ ಮುಗಿಸಿ, ‘ಮಾಮ, ನಾನು ಸೈಕಾಲಜಿ ತಗೊಳ್ತೀನಿ’ ಅಂದಳು. ನಮ್ಮ ಶಾಲೆಗೆ ಅತಿಥಿ ಶಿಕ್ಷಕಿಯಾಗಿ ಬಂದಿದ್ದ ಮೇಡಂ ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿಗೆ ಓದುತ್ತಿದ್ದರು. ‘ಸರ್, ಈ ಸ್ಕಿನ್ನರ್ ಪಾಠ ಎಷ್ಟು ಸಲ ಓದಿದರೂ ತಲೇಲಿ ನಿಲ್ಲಲ್ಲ’ ಅನ್ನುವುದು ಅವರ ಗೋಳು. ಮೂರನೆಯವನು ನಾನೇ. ಹದಿನೇಳು ವರ್ಷ ಪಾಠ ಮಾಡಿ ಆಯಿತು. ಮಕ್ಕಳು ಹೇಗೆ ಕಲಿಯುತ್ತಾರೆ ಅನ್ನುವುದನ್ನು ಮಾತ್ರ ಎಂದೋ ಪರೀಕ್ಷೆಗೆ ಬರೆದು ಮರೆತಿದ್ದೆ. ಸರಿಯಾಗಿ ಒಮ್ಮೆ ಓದಬೇಕು ಅನ್ನಿಸಿತ್ತು.

ಮೂವರಿಗೂ ಬೇಕಾಗಿದ್ದು ಕಲಿಕೆ ಮತ್ತು ವರ್ತನೆಯ ಮನೋವಿಜ್ಞಾನವೇ. ಆದರೆ ಮೂವರೂ ಹಿಡಿದ ದಾರಿ ಬೇರೆ ಬೇರೆ. ಆ ದಾರಿಗಳನ್ನು ಹತ್ತಿರದಿಂದ ನೋಡಿದ್ದೇನೆ, ಒಂದರಲ್ಲಿ ನಡೆದಿದ್ದೇನೆ, ಇನ್ನೊಂದರಲ್ಲಿ ದುಡ್ಡು ಕಳೆದುಕೊಳ್ಳುವುದು ಸ್ವಲ್ಪದರಲ್ಲಿ ತಪ್ಪಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಸೈಕಾಲಜಿ ಅಂದ ಕೂಡಲೇ ಅಕ್ಕ ಕೇಳಿದ್ದು, ‘ಮನಸ್ಸಲ್ಲಿ ಇರೋದನ್ನ ಓದೋದು ಕಲಿಸ್ತಾರಾ?’ ಅಂತ. ಇಲ್ಲ. ಕಲಿಕೆಯ ಪಾಠದಲ್ಲಂತೂ ಮನಸ್ಸಿಗಿಂತ ನಾಯಿ, ಬೆಕ್ಕು, ಇಲಿಗಳೇ ಜಾಸ್ತಿ. ಪಾವ್ಲಾವ್ ನಾಯಿಯಿಂದ ಶುರು. ಆತ ಮನೋವಿಜ್ಞಾನಿಯೂ ಅಲ್ಲ, ದೇಹಶಾಸ್ತ್ರದವನು. 1904ರಲ್ಲಿ ನೊಬೆಲ್ ಬಂದಿದ್ದು ಜೀರ್ಣಕ್ರಿಯೆಯ ಕೆಲಸಕ್ಕೆ. ಊಟ ಬಾಯಿಗೆ ಬೀಳುವ ಮೊದಲೇ ನಾಯಿ ಜೊಲ್ಲು ಸುರಿಸುವುದನ್ನು ನೋಡಿ ಆತ ಅದರ ಬೆನ್ನು ಹತ್ತಿದ. ದಾವಣಗೆರೆಯವರಿಗೆ ಇದನ್ನು ವಿವರಿಸಲು ನಾಯಿ ಬೇಕಾಗಿಲ್ಲ. ಸಂಜೆ ಆರಕ್ಕೆ ಗಾಡಿಯ ಮುಂದೆ ನಿಂತು ಮಿರ್ಚಿ ಬಾಣಲೆಗೆ ಬಿದ್ದ ಚುಂಯ್ ಸದ್ದು ಕೇಳಿದರೆ ಸಾಕು. ಸದ್ದಿಗೆ ರುಚಿ ಇಲ್ಲ. ಆದರೂ ಬಾಯಲ್ಲಿ ನೀರು. ಇದೇ ಶಾಸ್ತ್ರೀಯ ಅನುಬಂಧನ, ಕಾಲೇಜಿನವರ ಬಾಯಲ್ಲಿ ಕ್ಲಾಸಿಕಲ್ ಕಂಡೀಷನಿಂಗ್.

ಆಮೇಲೆ ಥಾರ್ನ್‌ಡೈಕ್. 1898ರಲ್ಲಿ ಹಸಿದ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿ ಕೂಡಿಹಾಕಿ, ಹೊರಗೆ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಅಳೆದು ಬರೆದವನು. ಸಲದಿಂದ ಸಲಕ್ಕೆ ಹೊತ್ತು ಕಡಿಮೆಯಾಯಿತು, ಆದರೆ ಒಮ್ಮೆಲೇ ಅಲ್ಲ, ನಿಧಾನಕ್ಕೆ. ಅದು ಪ್ರಯತ್ನ-ಪ್ರಮಾದ ಕಲಿಕೆ. ಸ್ಕಿನ್ನರ್ ಅದನ್ನು ಮುಂದಕ್ಕೆ ಒಯ್ದು, ನಡತೆಯ ನಂತರ ಏನು ಸಿಗುತ್ತದೆ ಅನ್ನುವುದೇ ಮುಂದಿನ ನಡತೆಯನ್ನು ತಿದ್ದುತ್ತದೆ ಅಂದ. ಟೋಲ್ಮನ್ ಇದಕ್ಕೆ ತಕರಾರು ತೆಗೆದ. 1930ರಲ್ಲಿ ಆತ ಹಾನ್ಜಿಕ್ ಜೊತೆ ಸೇರಿ ಒಂದು ಗುಂಪಿನ ಇಲಿಗಳನ್ನು ಹತ್ತು ದಿನ ಊಟದ ಆಸೆ ಇಲ್ಲದೆ ಜಟಿಲ ದಾರಿಗಳ ಪೆಟ್ಟಿಗೆಯಲ್ಲಿ ಅಡ್ಡಾಡಲು ಬಿಟ್ಟ. ಹನ್ನೊಂದನೇ ದಿನ ದಾರಿಯ ಕೊನೆಯಲ್ಲಿ ಊಟ ಇಟ್ಟ. ಮರುದಿನವೇ ತಪ್ಪುಗಳು ದಿಢೀರ್ ಕಡಿಮೆಯಾದವು. ಅಂದರೆ ಬಹುಮಾನ ಇಲ್ಲದಿದ್ದಾಗಲೂ ಅವು ದಾರಿ ಕಲಿಯುತ್ತಲೇ ಇದ್ದವು, ತೋರಿಸಿರಲಿಲ್ಲ ಅಷ್ಟೆ. ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತಿರುವ ಹುಡುಗರನ್ನು ಕಂಡಾಗ ನನಗೆ ಈ ಇಲಿಗಳು ನೆನಪಾಗುತ್ತವೆ.

ಇಷ್ಟೂ ಹೆಸರುಗಳು ಬಿಎ, ಬಿಎಡ್, ಆನ್‌ಲೈನ್ ಎಲ್ಲ ಕಡೆಯೂ ಸಿಗುತ್ತವೆ. ಸಿಲಬಸ್ ಹಾಳೆ ಪಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಹಾಗಾಗಿ ನಾನು ಬೇರೆ ಅಳತೆಗೋಲು ಹಿಡಿದೆ. ಒಂದೇ ಒಂದು ಪಾಠ ಆರಿಸಿಕೊಂಡೆ: ಋಣಾತ್ಮಕ ಪುನರ್ಬಲನ, ಅಂದರೆ ನೆಗೆಟಿವ್ ರೀಇನ್‌ಫೋರ್ಸ್‌ಮೆಂಟ್. ಪುನರ್ಬಲನ ಅಂದರೆ ಒಂದು ನಡತೆ ಮತ್ತೆ ಮತ್ತೆ ಬರುವಂತೆ ಮಾಡುವುದು. ಆ ಪಾಠವನ್ನು ಪ್ರತಿ ಕೋರ್ಸು ನಮ್ಮ ಕೈಯಿಂದ ಏನು ಮಾಡಿಸುತ್ತದೆ ಅಂತ ನೋಡಿದೆ.

ಯಾಕೆ ಈ ಪಾಠ ಅಂದರೆ, ಹತ್ತರಲ್ಲಿ ಎಂಟು ಜನ ಎಡವುವುದು ಇಲ್ಲೇ. ನಾನೂ ಎಡವಿದ್ದೆ. ‘ಋಣಾತ್ಮಕ’ ಅಂದರೆ ಕೆಟ್ಟದ್ದು, ಹಾಗಾಗಿ ಅದು ಶಿಕ್ಷೆ ಅಂದುಕೊಳ್ಳುತ್ತೇವೆ. ಕನ್ನಡದಲ್ಲಂತೂ ಋಣ ಅಂದರೆ ಸಾಲ ಬೇರೆ, ಕೇಳುವುದೇ ಬೇಡ. ಇಲ್ಲಿ ಋಣ ಅಂದರೆ ಕಳೆಯುವ ಚಿಹ್ನೆ ಅಷ್ಟೆ. ಬಸ್‌ಸ್ಟ್ಯಾಂಡಿನಲ್ಲಿ ಮಗು ಚಿಪ್ಸ್ ಬೇಕು ಅಂತ ನೆಲಕ್ಕೆ ಬಿದ್ದು ಅಳುತ್ತದೆ. ಅಮ್ಮ ಕೊಡಿಸುತ್ತಾಳೆ. ಅಳು ನಿಲ್ಲುತ್ತದೆ. ಮಗುವಿಗೆ ಚಿಪ್ಸ್ ಸಿಕ್ಕಿತು, ಮುಂದಿನ ಸಲ ಅಳು ಜಾಸ್ತಿ. ಇದು ಧನಾತ್ಮಕ. ಅಮ್ಮನಿಗೆ ಏನು ಸಿಕ್ಕಿತು? ಏನೂ ಇಲ್ಲ, ಒಂದು ಕಿರಿಕಿರಿ ಹೋಯಿತು. ಮುಂದಿನ ಸಲ ಅವಳೂ ಬೇಗ ಪರ್ಸ್ ತೆಗೆಯುತ್ತಾಳೆ. ಇದು ಋಣಾತ್ಮಕ. ಎರಡೂ ನಡತೆಯನ್ನು ಹೆಚ್ಚಿಸುತ್ತವೆ. ಶಿಕ್ಷೆ ಕಡಿಮೆ ಮಾಡುತ್ತದೆ. ಮಗು ಅಮ್ಮನಿಗೆ ಕಲಿಸುತ್ತಿದೆ, ಅಮ್ಮ ಮಗುವಿಗೆ ಕಲಿಸುತ್ತಿದ್ದಾಳೆ, ಇಬ್ಬರಿಗೂ ಗೊತ್ತಿಲ್ಲ. ಇದು ಬಾಯಿಪಾಠದಿಂದ ಬರುವುದಲ್ಲ.

ಬಿಎ: ನಿಧಾನದ ದಾರಿ, ಆದರೆ ಲ್ಯಾಬ್ ಇದೆ

ದಾವಣಗೆರೆ ವಿಶ್ವವಿದ್ಯಾನಿಲಯ 2009ರಲ್ಲಿ ಶುರುವಾಯಿತು. ತೋಳಹುಣಸೆಯ ಶಿವಗಂಗೋತ್ರಿ ಕ್ಯಾಂಪಸ್ ಗೊತ್ತಲ್ವಾ, ಅದೇ. ಚಿತ್ರದುರ್ಗ ಜಿಲ್ಲೆಯೂ ಅದರ ವ್ಯಾಪ್ತಿಯಲ್ಲಿದೆ. ಅಂದಮಾತ್ರಕ್ಕೆ ಎಲ್ಲ ಡಿಗ್ರಿ ಕಾಲೇಜಿನಲ್ಲೂ ಮನೋವಿಜ್ಞಾನ ಇರುವುದಿಲ್ಲ. ಇತಿಹಾಸ, ಅರ್ಥಶಾಸ್ತ್ರದಷ್ಟು ಸಲೀಸಾಗಿ ಸಿಗುವ ವಿಷಯ ಅಲ್ಲ ಇದು. ಅರ್ಜಿ ಹಾಕುವ ಮೊದಲು ಕಾಲೇಜಿಗೆ ಹೋಗಿ ಮೂರು ಪ್ರಶ್ನೆ ಕೇಳಿ. ಈ ವರ್ಷ ಈ ಕಾಂಬಿನೇಷನ್ ನಡೆಯುತ್ತದಾ? ಪಾಠ ಮಾಡುವವರು ಮನೋವಿಜ್ಞಾನ ಓದಿದವರಾ? ಪ್ರಾಯೋಗಿಕ ತರಗತಿ ಎಲ್ಲಿ ನಡೆಯುತ್ತದೆ, ಕೋಣೆ ತೋರಿಸುತ್ತೀರಾ?

ಮೂರನೆಯದೇ ಮುಖ್ಯ. ನಾವು ಹೋದ ಒಂದು ಕಾಲೇಜಿನಲ್ಲಿ ಲ್ಯಾಬ್ ತೋರಿಸಿ ಅಂದಾಗ ಬೀರು ತೋರಿಸಿದರು. ಬೀರುವಿನ ಕೀಲಿ ಯಾರ ಹತ್ತಿರ ಇದೆ ಅಂತ ಕೊನೆಗೂ ಗೊತ್ತಾಗಲಿಲ್ಲ. ಇನ್ನೊಂದು ಕಡೆ ಮೇಜಿನ ಮೇಲೆ ಸಾಮಾನು ಹರಡಿತ್ತು, ಇಬ್ಬರು ಹುಡುಗಿಯರು ಸ್ಟಾಪ್‌ವಾಚ್ ಹಿಡಿದು ಕೂತಿದ್ದರು. ಅಕ್ಕನ ಮಗಳನ್ನು ಅಲ್ಲೇ ಸೇರಿಸಿದೆವು. ಮನೆಯಿಂದ ದೂರ ಜಾಸ್ತಿ, ಎರಡು ಬಸ್ ಬದಲಿಸಬೇಕು. ಪರವಾಗಿಲ್ಲ.

ಆ ಲ್ಯಾಬಿನಲ್ಲಿ ಅವಳು ಮಾಡಿದ ಮೊದಲ ಪ್ರಯೋಗ ಕನ್ನಡಿ ಚಿತ್ರ. ಕಾಗದದ ಮೇಲೆ ನಕ್ಷತ್ರ ಇರುತ್ತದೆ. ಅದನ್ನು ನೇರ ನೋಡುವ ಹಾಗಿಲ್ಲ, ಅಡ್ಡ ಒಂದು ಮರೆ. ಎದುರಿನ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲ್ ಓಡಿಸಬೇಕು. ಕೈ ಮುಂದೆ ಹೋದರೆ ಕನ್ನಡಿಯಲ್ಲಿ ಹಿಂದೆ ಬಂದಂತೆ ಕಾಣುತ್ತದೆ. ಮೊದಲ ಸಲ ಕೈ ಕಟ್ಟಿಹಾಕಿದಂತಾಗಿ, ಮೂಲೆಯಲ್ಲಿ ಸಿಕ್ಕಿಕೊಂಡು ಗೀಚಿದ್ದೇ ಗೀಚಿದ್ದು. ಗೆರೆ ದಾಟಿದ್ದು ಎಷ್ಟು ಸಲ, ಹಿಡಿದ ಹೊತ್ತು ಎಷ್ಟು, ಎಲ್ಲ ಬರೆಯಬೇಕು. ಐದಾರು ಸಲಕ್ಕೆ ಕೈ ದಾರಿಗೆ ಬರುತ್ತದೆ. ಆಮೇಲೆ ಎಡಗೈಗೆ ಪೆನ್ಸಿಲ್ ಕೊಡುತ್ತಾರೆ. ಅಭ್ಯಾಸ ಮಾಡಿದ್ದು ಬಲಗೈ, ಆದರೆ ಎಡಗೈಯೂ ಸುಧಾರಿಸಿರುತ್ತದೆ! ಒಂದು ಕೈ ಕಲಿತದ್ದು ಇನ್ನೊಂದಕ್ಕೆ ದಾಟುತ್ತದೆ. ಅವಳು ಮನೆಗೆ ಬಂದು ಡ್ರೆಸಿಂಗ್ ಟೇಬಲ್ ಮುಂದೆ ಅಕ್ಕನನ್ನೇ ಕೂರಿಸಿ ಮಾಡಿಸಿದಳು. ‘ನಿನ್ನ ಕಲಿಕೆಯ ವಕ್ರರೇಖೆ ಚೆನ್ನಾಗಿಲ್ಲ ಅಮ್ಮ’ ಅಂತ ಫಲಿತಾಂಶವೂ ಕೊಟ್ಟಳು.

ಋಣಾತ್ಮಕ ಪುನರ್ಬಲನದ ಪಾಠಕ್ಕೆ ಬಂದಾಗ ಅವಳಿಗೆ ವ್ಯಾಖ್ಯೆ ಬರೆಯುವುದರ ಜೊತೆಗೆ ಒಂದು ವಾರ ತನ್ನದೇ ಒಂದು ಅಭ್ಯಾಸವನ್ನು ಎಣಿಸಿ ಬರೆದು ತರಲು ಹೇಳಿದ್ದರು. ಅವಳು ಎಣಿಸಿದ್ದು ಮೊಬೈಲ್ ಎತ್ತಿಕೊಳ್ಳುವುದನ್ನು. ಬೇಜಾರು ಬಂದಾಗ ಎತ್ತಿಕೊಂಡರೆ, ಬೇಜಾರು ಹೋಗುವುದಕ್ಕೆ ಎತ್ತಿಕೊಂಡದ್ದು. ಅದು ಋಣಾತ್ಮಕ. ಏನೋ ಹೊಸದು ಸಿಗಬಹುದು ಅಂತ ಎತ್ತಿಕೊಂಡರೆ ಧನಾತ್ಮಕ, ಅದೂ ಎಷ್ಟನೇ ಸಲಕ್ಕೆ ಸಿಗುತ್ತದೆ ಅಂತ ಗೊತ್ತಿಲ್ಲದ ಬಗೆಯದು. ಪಾಠ ತಲೆಗೆ ಹೋಗಿದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಕೊರತೆಯೂ ಇದೆ. ಬಿಎಯಲ್ಲಿ ಕಲಿಕೆ ಅನ್ನುವುದು ದೊಡ್ಡ ವಿಷಯದ ಒಂದು ತುಂಡು ಮಾತ್ರ. ಅದಕ್ಕಾಗಿ ಮೂರು ವರ್ಷ ಕೊಡಬೇಕು. ಕರ್ನಾಟಕದಲ್ಲಿ 2021ರಲ್ಲಿ ಬಂದ ನಾಲ್ಕು ವರ್ಷದ ಪದ್ಧತಿ ಬಿಟ್ಟು 2024-25ರಿಂದ ಮತ್ತೆ ಮೂರು ವರ್ಷದ ಡಿಗ್ರಿಗೆ ಬಂದಿದ್ದಾರೆ, ಆ ಗೊಂದಲ ಈಗ ಇಲ್ಲ. ಇನ್ನೊಂದು, ಭಾವನವರು ‘ಡಿಗ್ರಿ ಮುಗಿದ ಕೂಡಲೇ ಕ್ಲಿನಿಕ್ ಹಾಕಬಹುದಾ’ ಅಂತ ಕೇಳಿದರು. ಆಗುವುದಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕಾದರೆ ಎಂಎ ಅಥವಾ ಎಂಎಸ್ಸಿ ಮುಗಿಸಿ, ಭಾರತೀಯ ಪುನರ್ವಸತಿ ಪರಿಷತ್ತು ಒಪ್ಪಿದ ತರಬೇತಿ ಪಡೆದು, ಅಲ್ಲಿ ನೋಂದಣಿ ಆಗಬೇಕು. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಅನ್ನುವ ಮಾನಸಿಕ ಆರೋಗ್ಯ ಸಂಸ್ಥೆಗಳ ಹೆಸರು ಕೇಳುವುದು ಆ ಹಂತದಲ್ಲಿ. ಉದ್ದದ ದಾರಿ. ಮೊದಲೇ ಗೊತ್ತಿದ್ದರೆ ಒಳ್ಳೆಯದು.

ಎಂಎ ಅಂದರೆ ಧಾರವಾಡ, ಮೈಸೂರು, ಬೆಂಗಳೂರು. ದಾವಣಗೆರೆಯವರಿಗೆ ಬೆಂಗಳೂರು–ಹುಬ್ಬಳ್ಳಿ ರೈಲು ಮನೆ ಬಾಗಿಲಲ್ಲೇ ಇದೆ, ಧಾರವಾಡ ಕಷ್ಟ ಅಲ್ಲ. ದುರ್ಗದವರಿಗೆ ಬಸ್ಸೇ ಗತಿ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನೋವಿಜ್ಞಾನ ವಿಭಾಗ 1924ರಿಂದ ಇದೆ. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿ ಅವರೇ 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ರೇಡಿಯೊ ಕೇಂದ್ರ ಶುರುಮಾಡಿದ್ದು, ‘ಆಕಾಶವಾಣಿ’ ಅನ್ನುವ ಹೆಸರಿನಲ್ಲಿ. ಇದು ಸೀಟಿಗೆ ಸಂಬಂಧವಿಲ್ಲದ ಮಾತು, ಆದರೆ ಹೇಳದೆ ಇರಲಾಗಲಿಲ್ಲ.

ಬಿಎಡ್: ಮೇಷ್ಟ್ರಾಗುವವರಿಗೆ ಸಾಕು, ಬೇರೆಯವರಿಗೆ ಬೇಡ

ನಾನು ಬಿಎಡ್ ಮಾಡಿದಾಗ ಅದು ಒಂದು ವರ್ಷದ್ದು. ಈಗ ಎರಡು ವರ್ಷ. ಥಾರ್ನ್‌ಡೈಕ್, ಪಾವ್ಲಾವ್, ಸ್ಕಿನ್ನರ್, ಪಿಯಾಜೆ, ವೈಗಾಟ್ಸ್ಕಿ ಎಲ್ಲರೂ ಸಾಲಾಗಿ ಬಂದು ಹೋಗುತ್ತಾರೆ, ಮದುವೆ ಮನೆಯಲ್ಲಿ ನೆಂಟರು ಬಂದು ಹೋದ ಹಾಗೆ. ಯಾರ ಜೊತೆಯೂ ಕೂತು ಮಾತಾಡಲು ಪುರುಸೊತ್ತಿಲ್ಲ. ಋಣಾತ್ಮಕ ಪುನರ್ಬಲನ ನನ್ನ ನೋಟ್ಸಿನಲ್ಲಿ ಎರಡು ಸಾಲು. ಆ ಎರಡು ಸಾಲೂ ತಪ್ಪು: ‘ತಪ್ಪು ಮಾಡಿದ ವಿದ್ಯಾರ್ಥಿಗೆ ಶಿಕ್ಷೆ ಕೊಡುವುದು’ ಅಂತ ಬರೆದಿದ್ದೆ. ಪರೀಕ್ಷೆಯಲ್ಲೂ ಅದನ್ನೇ ಬರೆದೆ. ಅಂಕವೂ ಬಂತು!

ಆದರೆ ಬಿಎಡ್‌ನಲ್ಲಿ ಬೇರೆ ಯಾವ ದಾರಿಯಲ್ಲೂ ಇಲ್ಲದ ಒಂದು ಸಂಗತಿ ಇದೆ. ನಿಮ್ಮೆದುರು ನಲವತ್ತು ಮಕ್ಕಳು ಇರುತ್ತಾರೆ. ಈಗಿನ ನಿಯಮದಲ್ಲಿ ಶಾಲಾ ಇಂಟರ್ನ್‌ಶಿಪ್ ಕನಿಷ್ಠ 20 ವಾರ. ಇಲಿಯ ಪೆಟ್ಟಿಗೆ ಬೇಡ, ಏಳನೇ ತರಗತಿ ಸಾಕು. ನೋಡುವ ಕಣ್ಣು ಇದ್ದರೆ 20 ವಾರದಲ್ಲಿ ಇಡೀ ಪುಸ್ತಕ ಕಣ್ಣ ಮುಂದೆ ನಡೆಯುತ್ತದೆ. ತೊಂದರೆ ಏನಂದರೆ ಆ 20 ವಾರ ಪಾಠಯೋಜನೆ ಬರೆಯುವುದರಲ್ಲೇ ಕಳೆದು ಹೋಗುತ್ತದೆ. ಬಿಎಡ್ ಸೇರಿದ್ದರೆ ಒಂದು ಚಿಕ್ಕ ನೋಟ್‌ಬುಕ್ ಜೇಬಿನಲ್ಲಿ ಇಟ್ಟುಕೊಳ್ಳಿ. ಒಬ್ಬನೇ ಹುಡುಗನನ್ನು ಆರಿಸಿ, ಅವನು ಕೈ ಎತ್ತಿದ್ದು ಎಷ್ಟು ಸಲ, ಎತ್ತಿದ ಮೇಲೆ ನೀವು ಏನು ಮಾಡಿದಿರಿ, ಇಷ್ಟನ್ನು ಬರೆಯಿರಿ. ಯಾರೂ ಹೇಳುವುದಿಲ್ಲ, ಆದರೂ ಬರೆಯಿರಿ.

ನಮ್ಮ ಅತಿಥಿ ಶಿಕ್ಷಕಿಗೆ ಬಿಎಡ್ ಆಗಿತ್ತು. ಅವರಿಗೆ ಬೇಕಾಗಿದ್ದು ಟಿಇಟಿಯ 30 ಅಂಕ. 150ರಲ್ಲಿ 30 ಶಿಶು ವಿಕಾಸ ಮತ್ತು ಬೋಧನಾ ಶಾಸ್ತ್ರಕ್ಕೆ, ಎರಡೂ ಪತ್ರಿಕೆಯಲ್ಲಿ. ಅಷ್ಟಕ್ಕಾಗಿ ಹೊಸ ಕೋರ್ಸ್ ಸೇರುವ ಅಗತ್ಯ ಇರಲಿಲ್ಲ. ಅವರ ತೊಂದರೆ ಓದುವ ರೀತಿಯಲ್ಲಿತ್ತು. ಅದೇ ಪುಟವನ್ನು ಆರು ಸಲ ಓದುತ್ತಿದ್ದರು. ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಇದನ್ನೇ ಪರೀಕ್ಷಿಸಿದ್ದಾರೆ. ಐದು ನಿಮಿಷದ ನಂತರ ಕೇಳಿದರೆ ಮತ್ತೆ ಮತ್ತೆ ಓದಿದವರು ಮುಂದೆ. ಒಂದು ವಾರದ ನಂತರ ಕೇಳಿದರೆ, ಓದಿ ಪುಸ್ತಕ ಮುಚ್ಚಿ ನೆನಪಿಸಿಕೊಂಡು ಬರೆದವರು ಮುಂದೆ. ಮೇಡಂ ಆಮೇಲೆ ಓದುವುದು ಕಡಿಮೆ ಮಾಡಿ, ಸ್ಟಾಫ್ ರೂಮಿನಲ್ಲಿ ನನ್ನಿಂದ ಪ್ರಶ್ನೆ ಕೇಳಿಸಿಕೊಳ್ಳಲು ಶುರುಮಾಡಿದರು. ಖರ್ಚು ದಿನಕ್ಕೆ ಎರಡು ಟೀ.

ಸ್ವಯಂ: ಹನ್ನೆರಡು ವಾರ, ಸಾವಿರ ರೂಪಾಯಿ

ನಾನು ಆರಿಸಿಕೊಂಡದ್ದು ಇದನ್ನು. ಸ್ವಯಂ ಕೇಂದ್ರ ಸರ್ಕಾರದ ವೇದಿಕೆ, 2017ರಿಂದ ಇದೆ. ಐಐಟಿಗಳ ಎನ್‌ಪಿಟಿಇಎಲ್ ಕೋರ್ಸುಗಳೂ ಇದರಲ್ಲೇ ಬರುತ್ತವೆ. ವರ್ಷಕ್ಕೆರಡು ಸಲ, ಜನವರಿ ಮತ್ತು ಜುಲೈನಲ್ಲಿ ಶುರು. ಕಲಿಯುವುದು ಉಚಿತ. ಸರ್ಟಿಫಿಕೇಟ್ ಬೇಕಾದರೆ ಮಾತ್ರ ಪರೀಕ್ಷೆಗೆ ಸುಮಾರು ಸಾವಿರ ರೂಪಾಯಿ. ಮನೆಯಲ್ಲಿ ಬರೆಯುವ ಹಾಗಿಲ್ಲ, ಕೇಂದ್ರಕ್ಕೆ ಹೋಗಿ ಬರೆಯಬೇಕು. ಎನ್‌ಪಿಟಿಇಎಲ್ ಲೆಕ್ಕದಲ್ಲಿ ವಾರದ ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75. ಹನ್ನೆರಡು ವಾರದ ಕೋರ್ಸಾದರೆ ಒಳ್ಳೆಯ ಎಂಟು ಅಸೈನ್‌ಮೆಂಟ್ ಲೆಕ್ಕಕ್ಕೆ ಹಿಡಿಯುತ್ತಾರೆ. 25ರಲ್ಲಿ 10, 75ರಲ್ಲಿ 30 ಎರಡೂ ಬರಬೇಕು.

ನನಗೆ ಇದು ಕೈಹಿಡಿದದ್ದು ಯಾಕೆ ಅಂತ ಕೋರ್ಸಿನಲ್ಲೇ ಗೊತ್ತಾಯಿತು. ಸ್ಕಿನ್ನರ್ ಇಲಿಗಳಿಗೂ ಪಾರಿವಾಳಗಳಿಗೂ ನಿಗದಿತ ಹೊತ್ತಿಗೊಮ್ಮೆ ಮಾತ್ರ ಕಾಳು ಸಿಗುವಂತೆ ಮಾಡಿದಾಗ, ಕಾಳು ಸಿಕ್ಕ ಮೇಲೆ ಅವು ಸುಮ್ಮನೆ ಕೂರುತ್ತಿದ್ದವು. ಹೊತ್ತು ಹತ್ತಿರ ಬಂದಾಗ ಜೋರಾಗಿ ಕೆಲಸ. ಸೆಮಿಸ್ಟರ್ ಪರೀಕ್ಷೆಗೆ ಓದುವ ನಮ್ಮ ಹುಡುಗರನ್ನು ನೋಡಿ, ಅದೇ ನಕ್ಷೆ. ನಾಲ್ಕು ತಿಂಗಳು ಆರಾಮ, ಕೊನೆಯ ಹದಿನೈದು ದಿನ ಕಣ್ಣು ಕೆಂಪು. ಸ್ವಯಂನಲ್ಲಿ ಗಡುವು ವಾರಕ್ಕೊಮ್ಮೆ. ಹಾಗಾಗಿ ಸೋಮಾರಿತನವೂ ವಾರದಷ್ಟೇ ಚಿಕ್ಕದು. ನಾನು ಪ್ರತಿ ವಾರ ಕೊನೆಯ ರಾತ್ರಿಯೇ ಉತ್ತರ ತುಂಬಿದೆ, ಪಾರಿವಾಳದ ಜಾತಿ. ಆದರೂ ಹನ್ನೆರಡು ಸಲ ಓದಿದಂತಾಯಿತು. ಒಂದೇ ರಾತ್ರಿ ಎಲ್ಲ ಓದುವುದಕ್ಕಿಂತ ಬಿಟ್ಟು ಬಿಟ್ಟು ಓದಿದ್ದು ಜಾಸ್ತಿ ನಿಲ್ಲುತ್ತದೆ. 1885ರಲ್ಲೇ ಎಬ್ಬಿಂಗ್‌ಹಾಸ್ ತನ್ನ ಮೇಲೇ ಪ್ರಯೋಗ ಮಾಡಿಕೊಂಡು ಇದನ್ನು ಬರೆದಿದ್ದಾನೆ.

ಋಣಾತ್ಮಕ ಪುನರ್ಬಲನ ಇಲ್ಲಿ ನನ್ನ ಕೈಯಿಂದ ಏನು ಮಾಡಿಸಿತು? ನಾಲ್ಕರಲ್ಲಿ ಒಂದನ್ನು ಆರಿಸುವ ಪ್ರಶ್ನೆ. ನಾನು ‘ಶಿಕ್ಷೆ’ ಒತ್ತಿದೆ. ತಪ್ಪು ಅಂತ ಬಂತು. ಹದಿನೇಳು ವರ್ಷದ ತಪ್ಪು ಒಂದು ಕ್ಲಿಕ್ಕಿಗೆ ಸಿಕ್ಕಿಬಿತ್ತು. ಅಷ್ಟರಮಟ್ಟಿಗೆ ಬಿಎಡ್‌ಗಿಂತ ಇದೇ ಮೇಲು. ಆದರೆ ಲ್ಯಾಬ್ ಇಲ್ಲ, ಎದುರಿಗೆ ಕೇಳಲು ಯಾರೂ ಇಲ್ಲ. ಚರ್ಚೆಯ ಜಾಗದಲ್ಲಿ ಪ್ರಶ್ನೆ ಹಾಕಿದರೆ ಉತ್ತರ ಬರುವ ಹೊತ್ತಿಗೆ ನಾವು ಮುಂದಿನ ವಾರದಲ್ಲಿರುತ್ತೇವೆ.

ಭಾಷೆಯದು ನಿಜವಾದ ಗೋಡೆ. ನಾನು ತೆಗೆದುಕೊಂಡ ಕೋರ್ಸು ಪೂರ್ತಿ ಇಂಗ್ಲಿಷಿನಲ್ಲಿತ್ತು. ವಿಡಿಯೊ ನಿಲ್ಲಿಸಿ ನಿಲ್ಲಿಸಿ ಕೇಳುವ ತಾಳ್ಮೆ ಇದ್ದರೆ ಹಿಡಿಸುತ್ತದೆ. ನಾನು ಮಾಡಿದ ಉಪಾಯ ಇದು: ಪಕ್ಕದಲ್ಲಿ ಹಳೆಯ ಕನ್ನಡ ಬಿಎಡ್ ಪುಸ್ತಕ. ಸಿದ್ಧಾಂತದ ಹೆಸರು ಕನ್ನಡದಲ್ಲಿ, ವಿವರಣೆ ಇಂಗ್ಲಿಷಿನಲ್ಲಿ. ಪುಸ್ತಕದ ತಪ್ಪು ವಿಡಿಯೊದಲ್ಲಿ ತಿದ್ದಿತು, ವಿಡಿಯೊದ ವೇಗ ಪುಸ್ತಕದಲ್ಲಿ ತಗ್ಗಿತು.

ಮುಚ್ಚಿದ ಬಾಗಿಲು

ಈ ಭಾಗ ಯಾರು ಓದದಿದ್ದರೂ ಕೆಲಸದಲ್ಲಿರುವವರು ಓದಬೇಕು. ಮೊದಲು ನಮ್ಮಂಥವರಿಗೆ ದೂರಶಿಕ್ಷಣವೇ ಸುಲಭ ದಾರಿಯಾಗಿತ್ತು. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾನಿಲಯ, ಅಂದರೆ ಇಗ್ನೋದ ಎಂಎ ಸೈಕಾಲಜಿಗೆ ಯಾವ ಡಿಗ್ರಿ ಇದ್ದರೂ ನಡೆಯುತ್ತಿತ್ತು. ಮೊದಲ ವರ್ಷದ ಮೊದಲ ಪತ್ರಿಕೆಯಲ್ಲೇ ಕಲಿಕೆ ಮತ್ತು ನೆನಪು ಇತ್ತು. ನಾನೂ ಅದನ್ನೇ ಮಾಡುವುದು ಅಂದುಕೊಂಡಿದ್ದೆ. ಆದರೆ 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಮನೋವಿಜ್ಞಾನವನ್ನು ದೂರಶಿಕ್ಷಣ ಮತ್ತು ಆನ್‌ಲೈನ್ ಡಿಗ್ರಿಯಾಗಿ ಕೊಡಬಾರದು ಅಂತ ವಿಶ್ವವಿದ್ಯಾನಿಲಯಗಳ ಅನುದಾನ ಆಯೋಗ (ಯುಜಿಸಿ) ಹೇಳಿತು. ಆರೋಗ್ಯ ವೃತ್ತಿಗಳ 2021ರ ಕಾಯ್ದೆಯ ಕೆಳಗೆ ಬರುವ ವಿಷಯಗಳ ಸಾಲಿನಲ್ಲಿ ಇದೂ ಸೇರಿತು. ಸ್ವಯಂ ಪತ್ರಿಕೆ ಡಿಗ್ರಿ ಅಲ್ಲ, ಬಿಡಿ ಕೋರ್ಸು. ಅದರ ಮಾತು ಬೇರೆ.

ಇದು ಗೊತ್ತಿಲ್ಲದೆ ನಾನು ನಮ್ಮೂರಿನ ಒಂದು ಅಡ್ಮಿಷನ್ ಆಫೀಸಿಗೆ ಹೋಗಿದ್ದೆ. ‘ಮನೆಯಲ್ಲೇ ಕೂತು ಎಂಎ ಸೈಕಾಲಜಿ’ ಅಂತ ಬೋರ್ಡು. ಇವತ್ತು ಐದು ಸಾವಿರ ಕಟ್ಟಿದರೆ ಹಳೆಯ ಬ್ಯಾಚಿನಲ್ಲಿ ಹೆಸರು ಸೇರಿಸುತ್ತೇವೆ ಅಂದರು. ಎಟಿಎಂನಲ್ಲಿ ದುಡ್ಡು ಇರಲಿಲ್ಲ, ಅದಕ್ಕೇ ಬಚಾವಾದೆ. ಹಳೆಯ ಬ್ಯಾಚು, ವಿಶೇಷ ಕೋಟಾ ಅನ್ನುವ ಮಾತು ಬಂದ ಕೂಡಲೇ ಎದ್ದು ಬನ್ನಿ. ವಾರಾಂತ್ಯದ ‘ಮಕ್ಕಳ ಮನಃಶಾಸ್ತ್ರ ಡಿಪ್ಲೊಮಾ’ಗಳ ಬಗ್ಗೆಯೂ ನನಗೆ ಒಳ್ಳೆಯ ಅಭಿಪ್ರಾಯ ಇಲ್ಲ. ಎರಡು ದಿನದಲ್ಲಿ ಫ್ರೇಮ್ ಹಾಕಿದ ಸರ್ಟಿಫಿಕೇಟ್ ಸಿಗುತ್ತದೆ, ಪಾವ್ಲಾವ್ ಸಿಗುವುದಿಲ್ಲ.

ಇಗ್ನೋದ ಪಾಠಪುಸ್ತಕಗಳು ಮಾತ್ರ ಇಜ್ಞಾನಕೋಶ ತಾಣದಲ್ಲಿ ಉಚಿತವಾಗಿ ಓದಲು ಇವೆ. ಡಿಗ್ರಿ ಬೇಡ, ವಿಷಯ ಬೇಕು ಅನ್ನುವವರಿಗೆ ಅದೇ ಸಾಕು.

ಭಾವನವರಿಗೆ ಇನ್ನೊಂದು ಆಸೆ ಇದೆ, ಮಗಳು ಯುಪಿಎಸ್‌ಸಿ ಬರೆಯಲಿ ಅಂತ. ಅಲ್ಲಿ ಮನೋವಿಜ್ಞಾನ ಐಚ್ಛಿಕ ವಿಷಯ, 250 ಅಂಕದ ಎರಡು ಪತ್ರಿಕೆ, ಮೊದಲನೆಯದರಲ್ಲಿ ಕಲಿಕೆಯೂ ಒಂದು ಅಧ್ಯಾಯ. ಬಿಎ ಓದು ಅಲ್ಲಿಗೆ ನೇರ ಉಪಯೋಗಕ್ಕೆ ಬರುತ್ತದೆ. ಮಗಳಿಗೆ ಸದ್ಯ ಆ ಕಡೆ ಲಕ್ಷ್ಯವಿಲ್ಲ. ಮುಂದಿನ ಸೆಮಿಸ್ಟರಿಗೆ ಅವಳಿಗೆ ಬಾಯಿಪಾಠದ ಪ್ರಯೋಗ ಇದೆಯಂತೆ, ಅರ್ಥವಿಲ್ಲದ ಅಕ್ಷರಗಳ ಪಟ್ಟಿ ಕೊಟ್ಟು ನೆನಪು ಅಳೆಯುವುದು. ಇಂಗ್ಲಿಷ್ ಪಟ್ಟಿ ಕೊಟ್ಟರೆ ಅಮ್ಮನ ನೆನಪು ಸರಿಯಾಗಿ ಅಳೆದಂತಾಗುವುದಿಲ್ಲ ಅಂತ ಕನ್ನಡದಲ್ಲೇ ಪಟ್ಟಿ ಮಾಡುತ್ತಿದ್ದಾಳೆ. ‘ಮಾಮ, ಕಷ್ಟ ಐತೆ. ಎರಡಕ್ಷರ ಸೇರಿಸಿದ್ರೆ ಏನಾದ್ರೂ ಒಂದು ಅರ್ಥ ಬಂದೇ ಬರ್ತದೆ’ ಅಂತ ಮೊನ್ನೆ ಫೋನಿನಲ್ಲಿ ದೂರಿದಳು. ‘ಝಪ’ ಹಾಕು ಅಂದೆ. ಅದು ತಾಳದ ಹೆಸರಂತೆ.